‘ಏತಕ್ಕೆ’ ಎಂಬ ಕಾಲಂ ಇಲ್ಲದ ಫಾರಂ

ಮೊನ್ನೆ ಶನಿವಾರ, ಇಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ, ಡಾಲಸ್ಸಿನ ಉತ್ತರಕ್ಕಿರುವ ಗೆಳೆಯರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಬಿಸಿಬೇಳೆ ಭಾತ್ ಮುಗಿದು ಮಜ್ಜಿಗೆ ಅನ್ನಕ್ಕೆ ಬರುವ ಹೊತ್ತಿಗೆ ಮನೆಯ ಯಜಮಾನರು ಎದ್ದು ಒಳಗೆ ಹೋದರು. ಹೊಸ ಕ್ಯಾಮೆರಾವನ್ನೋ ಮಗಳ ಭರತನಾಟ್ಯದ ಫೋಟೋಗಳನ್ನೋ ತರುತ್ತಾರೆ ಎಂದುಕೊಂಡಿದ್ದವನ ಎದುರಿಗೆ ಅವರು ಎಆರ್-15 ಎಂಬ ಸೆಮಿ ಆಟೋಮ್ಯಾಟಿಕ್ ರೈಫಲ್ ಹಿಡಿದು ಬಂದು ನಿಂತರು. ಕೊಂಡು ಎಂಟು ದಿನವಾಗಿತ್ತಂತೆ. ಸೋಫಾದ ಮೇಲೆ ಕುಳಿತಿದ್ದ ಐವರ ಹೊಟ್ಟೆಯ ಮುಂದೆ, ಟಿವಿಯ ಬುಡದಲ್ಲಿ ಲೆಗೋ ಜೋಡಿಸುತ್ತಿದ್ದ ಇಬ್ಬರು ಮಕ್ಕಳ ತಲೆಯ ಮುಂದೆ, ಅದರ ನಳಿಗೆ ಮಂಗಳಾರತಿ ತಟ್ಟೆಯಂತೆ ಹಾದುಹೋಯಿತು. ನಾನು ಕುರ್ಚಿಯಿಂದ ಪಕ್ಕಕ್ಕೆ ಸರಿದದ್ದನ್ನು ಕಂಡು ಅವರು ನಕ್ಕರು: “ಖಾಲಿ ಇದೆ ಮಾರಾಯ್ರೆ! ಮಲೆನಾಡಿನವರಾಗಿ ನೀವೇ ಹೆದರಿದರೆ ಹೇಗೆ?”

“ಏತಕ್ಕೆ ಕೊಂಡಿರಿ?” ಎಂದು ಕೇಳಿದೆ. ಅವರ ಮುಖ ನೋಡಬೇಕಿತ್ತು; ಸಂಬಳ ಎಷ್ಟೆಂದು ಕೇಳಿದ್ದರೂ ಅಷ್ಟು ಇರುಸುಮುರುಸು ಆಗುತ್ತಿರಲಿಲ್ಲ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ, ಅದನ್ನು ಮುಚ್ಚಿಟ್ಟು ಬರೆದರೆ ಅಪ್ರಾಮಾಣಿಕತೆಯಾದೀತು. ನಾನೂ ಮೂರು ತಿಂಗಳಿಂದ ಬಂದೂಕು ಕೊಳ್ಳುವ ಯೋಚನೆಯಲ್ಲಿದ್ದೇನೆ. ಎಚ್-1ಬಿ ವೀಸಾದಲ್ಲಿದ್ದಷ್ಟು ಕಾಲ ಈ ದೇಶದ ಕಾನೂನು, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ನಮ್ಮಂಥವರಿಗೆ ಬಂದೂಕು ಮುಟ್ಟಲು ಬಿಡುವುದಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಆ ಬಾಗಿಲು ತೆರೆಯಿತು, ತೆರೆದ ಬಾಗಿಲನ್ನು ಕಂಡಾಗ ಹೊಕ್ಕು ನೋಡೋಣ ಎನ್ನಿಸುವುದು ಮನುಷ್ಯ ಸಹಜ. ಹೆಂಡತಿ ಮಲಗಿದ ಮೇಲೆ ರೈಫಲ್ ವಿಮರ್ಶೆಯ ವೀಡಿಯೊಗಳನ್ನು ನೋಡುತ್ತ ರಾತ್ರಿ ಒಂದು ಗಂಟೆಯವರೆಗೆ ಕುಳಿತವನು ನಾನು. ಆದ್ದರಿಂದ ನನ್ನನ್ನು ಬಂದೂಕು ದ್ವೇಷಿ ಎಂದು ಯಾರೂ ದಯವಿಟ್ಟು ಕರೆಯಬೇಡಿ.

ಅಂಗಡಿಗೂ ಹೋಗಿ ಬಂದೆ. ಗಲ್ಲೆಯ ಹಿಂದಿದ್ದ ತರುಣ ಬಹಳ ಒಳ್ಳೆಯವನು. ಸ್ಕೋಪ್ ಬೇಕೇ, ಪಟ್ಟಿ ಬೇಕೇ, ಹಿಡಿಕೆ ಕಪ್ಪೋ ಮಣ್ಣಿನ ಬಣ್ಣದ್ದೋ, ಮೂವತ್ತು ತೋಟಾದ ಮ್ಯಾಗಜೀನ್ ಇನ್ನೆರಡು ಸೇರಿಸಲೇ ಎಂದು ನಮ್ಮೂರಿನ ಸೀರೆ ಅಂಗಡಿಯವರಷ್ಟೇ ಪ್ರೀತಿಯಿಂದ ಕೇಳಿದ. ಏತಕ್ಕೆ ಎಂದು ಮಾತ್ರ ಕೇಳಲಿಲ್ಲ. ಇಲ್ಲಿ ತುಂಬಬೇಕಾದ ಕೇಂದ್ರ ಸರ್ಕಾರದ 4473ನೇ ಫಾರಂ ಕೂಡ ಕೇಳುವುದಿಲ್ಲ. ನಿಮ್ಮ ಮೇಲೆ ಗಂಭೀರ ಅಪರಾಧದ ಆರೋಪವಿದೆಯೇ, ಮಾದಕ ವಸ್ತು ಬಳಸುತ್ತೀರಾ, ಕೌಟುಂಬಿಕ ಹಿಂಸೆಯಲ್ಲಿ ಶಿಕ್ಷೆಯಾಗಿದೆಯೇ, ಯಾವ ದೇಶದ ಪ್ರಜೆ, ನಿಜವಾದ ಕೊಳ್ಳುಗ ನೀವೇಯೋ ಅಥವಾ ಇನ್ನೊಬ್ಬರ ಪರವಾಗಿ ಕೊಳ್ಳುತ್ತಿದ್ದೀರೋ ಎಂದೆಲ್ಲ ವಿಚಾರಿಸುವ ಆ ಫಾರಂನಲ್ಲಿ ‘ಏತಕ್ಕೆ’ ಎಂಬ ಕಾಲಂ ಇಲ್ಲ. ಎಫ್‌ಬಿಐ ದಾಖಲೆಯಲ್ಲಿ ಹೆಸರು ನೋಡುತ್ತಾರೆ. ತಡೆಯಿಲ್ಲವೆಂದರೆ ಹಲವು ಬಾರಿ ಕಾಫಿ ಆರುವುದರೊಳಗೆ ಕೆಲಸ ಮುಗಿಯುತ್ತದೆ. ಹದಿನೆಂಟು ತುಂಬಿದವನಿಗೆ ರೈಫಲ್ ಸಿಗುತ್ತದೆ, ಬಿಯರ್‌ಗೆ ಅವನು ಇನ್ನೂ ಮೂರು ವರ್ಷ ಕಾಯಬೇಕು.

ನಮ್ಮ ಅಜ್ಜನ ಲೈಸೆನ್ಸ್ ಪುಸ್ತಕದಲ್ಲಿ ಆ ಪ್ರಶ್ನೆಗೆ ಉತ್ತರವಿತ್ತು: ಬೆಳೆ ರಕ್ಷಣೆ. ಕೊಪ್ಪದ ಹತ್ತಿರದ ನಮ್ಮ ಅಡಿಕೆ ತೋಟ ಮತ್ತು ಗದ್ದೆಗೆ ಮಂಗ, ಹಂದಿಗಳ ಕಾಟ. ಒಂಟಿ ನಳಿಗೆಯ ತೋಟಾ ಕೋವಿ. ಒಂದು ಈಡು ಹಾರಿಸಿದರೆ ಮತ್ತೆ ಕೋವಿಯನ್ನು ಮುರಿದು, ಅಂದರೆ ನಳಿಗೆಯನ್ನು ಕೆಳಕ್ಕೆ ಬಾಗಿಸಿ ತೆರೆದು, ಖಾಲಿ ತೋಟಾ ಎಳೆದು ತೆಗೆದು, ಇನ್ನೊಂದನ್ನು ತುಂಬಬೇಕು. ಅಷ್ಟರಲ್ಲಿ ಹಂದಿ ಪಕ್ಕದ ಸೀಮೆಯಲ್ಲಿರುತ್ತಿತ್ತು. ಅಜ್ಜ ಹಾರಿಸಿದ್ದರಲ್ಲಿ ಹೆದರಿಸಲೆಂದು ಆಕಾಶಕ್ಕೆ ಹೊಡೆದ ಈಡುಗಳೇ ಹೆಚ್ಚು. ಆ ಕೋವಿಗಾಗಿ ಅವರು ತಾಲ್ಲೂಕು ಕಚೇರಿಯಿಂದ ಜಿಲ್ಲಾ ಕಚೇರಿಗೆ ಎಷ್ಟು ಸಲ ಅಲೆದರೋ ಲೆಕ್ಕವಿಲ್ಲ. ಚುನಾವಣೆ ಘೋಷಣೆಯಾದ ಕೂಡಲೇ ಅದನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದು ಠಾಣೆಗೆ ಒಪ್ಪಿಸಿ, ರಸೀದಿಯನ್ನು ಪಂಚಾಂಗದ ನಡುವೆ ಇಟ್ಟು, ಫಲಿತಾಂಶ ಬಂದ ಮೇಲೆ ಹೋಗಿ ತರಬೇಕಿತ್ತು. ಪ್ರಜಾಪ್ರಭುತ್ವದ ಹಬ್ಬವನ್ನು ನಮ್ಮೂರಿನಲ್ಲಿ ಅತ್ಯಂತ ಸಂಭ್ರಮದಿಂದ ಆಚರಿಸಿದ್ದು ಹಂದಿಗಳು. ಆ ಅಲೆದಾಟವನ್ನು ನಾನು ಹೊಗಳುತ್ತಿಲ್ಲ. ಆದರೆ ಏತಕ್ಕೆ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳಬಲ್ಲವರಾಗಿದ್ದರು ಅಜ್ಜ.

ಇಲ್ಲಿ ಕೆಲವು ಗೆಳೆಯರು ಸಂವಿಧಾನವನ್ನು ತೆಗೆಯುತ್ತಾರೆ, ಗೊತ್ತಿದೆ. ಆಯುಧ ಹೊಂದುವ ಹಕ್ಕನ್ನು ಹೇಳುವ 1791ರ ಎರಡನೆಯ ತಿದ್ದುಪಡಿ. ವ್ಯಕ್ತಿಗೆ ಆತ್ಮರಕ್ಷಣೆಗಾಗಿ ಮನೆಯಲ್ಲಿ ಬಂದೂಕು ಇಡುವ ಹಕ್ಕಿದೆ ಎಂದ 2008ರ ಸುಪ್ರೀಂ ಕೋರ್ಟ್ ತೀರ್ಪು. ಸಾರ್ವಜನಿಕವಾಗಿ ಬಂದೂಕು ಒಯ್ಯಲು ‘ಸೂಕ್ತ ಕಾರಣ’ ತೋರಿಸಬೇಕೆಂಬ ನ್ಯೂಯಾರ್ಕಿನ ಕಾನೂನನ್ನು ಹೊಡೆದುಹಾಕಿದ 2022ರ ತೀರ್ಪು. ಹಕ್ಕಿಗೆ ಕಾರಣ ಹೇಳಬೇಕಾಗಿಲ್ಲ ಎಂಬುದು ಅವರ ವಾದ. ಒಪ್ಪಿದೆ, ಸರ್ಕಾರಕ್ಕೆ ಹೇಳಬೇಡಿ. ನಿಮಗೆ ನೀವಾದರೂ ಹೇಳಿಕೊಂಡಿದ್ದೀರಾ ಎಂಬುದಷ್ಟೇ ನನ್ನ ಪ್ರಶ್ನೆ. ಮಿಕ್ಸಿ ಕೊಳ್ಳುವಾಗ ಇಡ್ಲಿ ಹಿಟ್ಟಿಗೋ ಚಟ್ನಿಗೋ ಎಂದು ಮೂರು ದಿನ ಚರ್ಚೆ ಮಾಡುವ ಜನ ನಾವು.

ನಮ್ಮ ಆತಿಥೇಯರು ಕೊನೆಗೆ ಎರಡು ಉತ್ತರ ಕೊಟ್ಟರು. ಮೊದಲನೆಯದು ಹಂದಿ. ಟೆಕ್ಸಾಸ್‌ನಲ್ಲಿ ಕಾಡುಬಿದ್ದ ಹಂದಿಗಳ ಹಾವಳಿ ನಿಜ. ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆಯಿದ್ದರೆ ಅವನ್ನು ಹೊಡೆಯಲು 2019ರಿಂದ ಬೇಟೆಯ ಪರವಾನಗಿಯೂ ಬೇಡ, ಮತ್ತು ಆ ಕೆಲಸಕ್ಕೆ ಎಆರ್-15 ಇಲ್ಲಿನ ರೈತರ ಕೈಯಲ್ಲಿ ಸಲೀಸಾದ ಹತಾರ. ಆದರೆ ನಮ್ಮ ಗೆಳೆಯರ ಕೃಷಿ ಹಿತ್ತಿಲಿನ ಎರಡು ಕರಿಬೇವಿನ ಕುಂಡಗಳಿಗೆ ಮುಗಿಯುತ್ತದೆ. ಎರಡನೆಯದು ಕಳ್ಳರು. ಇಲ್ಲಿನ ಒಳಗೋಡೆಗಳು ಮರದ ಚೌಕಟ್ಟಿಗೆ ಬಡಿದ ಜಿಪ್ಸಮ್ ಹಲಗೆಗಳು. ರೈಫಲ್ ಗುಂಡಿಗೆ ಅವು ಹಪ್ಪಳವಿದ್ದಂತೆ. ಹಜಾರದಲ್ಲಿ ಕಳ್ಳನಿಗೆ ಗುರಿ ತಪ್ಪಿದರೆ ಅದರಾಚೆ ಮಗಳ ಕೋಣೆ ಇದೆ. ಅದನ್ನು ಅಲ್ಲಿಯೇ ಹೇಳಿದೆ, ಊಟದ ಮನೆಯಲ್ಲಿ ಹೇಳಬಾರದಿತ್ತು ಎಂದು ಹೆಂಡತಿ ಕಾರಿನಲ್ಲಿ ಬೈದಳು. ಇರಲಿ.

ಇದೇ ಜಾತಿಯ ರೈಫಲ್ ಹಿಡಿದವನೊಬ್ಬ 2023ರ ಮೇ 6ರಂದು ಇಲ್ಲೇ ಹತ್ತಿರದ ಆ್ಯಲನ್ ಊರಿನ ಮಾಲ್‌ನಲ್ಲಿ ಎಂಟು ಜನರನ್ನು ಕೊಂದದ್ದನ್ನು ಈ ಭಾಗದಲ್ಲಿ ಯಾರೂ ಮರೆತಿಲ್ಲ. ಸತ್ತವರಲ್ಲಿ ನಮ್ಮಂತೆಯೇ ಕೆಲಸಕ್ಕೆಂದು ಬಂದ ಭಾರತೀಯ ಇಂಜಿನಿಯರ್ ಯುವತಿಯೂ ಇದ್ದಳು. ಮಕ್ಕಳಿಗೆ ಶಾಲೆಯ ಬೂಟು ತರಲು ನಾವು ಹೋಗುವುದು ಅಲ್ಲಿಗೇ. ನಮ್ಮ ಗೆಳೆಯರು ಅಂಥವರಲ್ಲ, ಸಾಧು ಮನುಷ್ಯ. ನನ್ನ ಭಯ ಅವರ ಮನಸ್ಸಿನ ಬಗ್ಗೆ ಅಲ್ಲ, ಅವರ ‘ಖಾಲಿ ಇದೆ’ಯ ಬಗ್ಗೆ.

ಈ ಮಾತನ್ನು ಮನೆಯಲ್ಲಿಯೂ ಹೇಳಿದವನಲ್ಲ. ನನಗೆ ಹನ್ನೊಂದು ವರ್ಷ. ಬೇಸಿಗೆ ರಜೆಯ ಮಧ್ಯಾಹ್ನ, ಅಜ್ಜ ಜಗಲಿಯಲ್ಲಿ ಮಲಗಿದ್ದರು. ಕೋವಿ ಉಪ್ಪರಿಗೆಯ ಅಡ್ಡದ ಮೇಲೆ ಇರುತ್ತಿತ್ತು. ತೋಟಾಗಳು ಬೇರೆ ಪೆಟ್ಟಿಗೆಯಲ್ಲಿ, ಅದರ ಕೀಲಿ ಅಜ್ಜನ ಉಡಿದಾರದಲ್ಲಿ. ಮಕ್ಕಳಿಗೆ ಎಟುಕದ ಎತ್ತರ ಎಂದು ಎಲ್ಲರೂ ನಂಬಿದ್ದರು. ನಾವು ಅಕ್ಕಿ ಮುಡಿಯ ಮೇಲೆ ಹತ್ತಿ ತೆಗೆದೆವು. ಚಿಕ್ಕಪ್ಪನ ಮಗನನ್ನು ಕಿಟಕಿಯ ಪಕ್ಕ ನಿಲ್ಲಿಸಿ, ಅವನ ಎದೆಗೆ ಗುರಿಯಿಟ್ಟು ಎಳೆದೆ. ಟಕ್ ಎಂದಿತು. ಆ ಸದ್ದಿಗೆ ಎದ್ದು ಬಂದ ಅಜ್ಜ ಹೊಡೆಯಲಿಲ್ಲ. ಕೋವಿಯನ್ನು ಮುರಿದು, ಬೆಳಕಿಗೆ ಹಿಡಿದು, ನಳಿಗೆಯೊಳಗೆ ನೋಡೆಂದರು. “ಖಾಲಿ ಅಂತ ಈಗ ಗೊತ್ತಾಯ್ತು. ಎಳೆಯೋವಾಗ ಗೊತ್ತಿತ್ತನಾ?” ಎಂದು ಕೇಳಿದಾಗ ಅವರ ಕೈ ನಡುಗುತ್ತಿತ್ತು. ಆ ತಮ್ಮ ಇಂದು ಶಿವಮೊಗ್ಗದಲ್ಲಿ ಬ್ಯಾಂಕ್ ಮ್ಯಾನೇಜರ್. ಅವನಿಗೆ ಆ ಮಧ್ಯಾಹ್ನ ನೆನಪಿದೆಯೋ ಇಲ್ಲವೋ, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಶನಿವಾರ ಹೊರಡುವಾಗ ರೈಫಲ್ ಎಲ್ಲಿಡುತ್ತೀರಿ ಎಂದು ಕೇಳಿದೆ. “ಕ್ಲಾಸೆಟ್‌ನ ಮೇಲಿನ ಹಲಗೆಯಲ್ಲಿ, ಮಕ್ಕಳಿಗೆ ಎಟುಕುವುದಿಲ್ಲ” ಎಂದರು. ಅಜಾಗರೂಕತೆಯಿಂದ ಇಟ್ಟ ತುಂಬಿದ ಬಂದೂಕು ಹದಿನೇಳರೊಳಗಿನ ಮಕ್ಕಳ ಕೈಗೆ ಸಿಕ್ಕಿದರೆ ಬಂದೂಕುಗಳ ತವರಾದ ಈ ಟೆಕ್ಸಾಸ್‌ನಲ್ಲಿಯೂ ಅದು ಇಟ್ಟವರ ಅಪರಾಧ ಎಂದು ಹೇಳಬೇಕೆಂದಿದ್ದೆ. ಹೆಂಡತಿ ತೋಳು ಹಿಡಿದು ಎಳೆದಳು.

ನಾನೇನು ಕೊಳ್ಳುತ್ತೇನೆ ಎಂದು ಕೇಳುವವರಿಗೆ: ಶೂಟಿಂಗ್ ರೇಂಜ್‌ನಲ್ಲಿ ಬಾಡಿಗೆಗೆ ಪಡೆದ ರೂಗರ್ 10/22 ಎಂಬ ರೈಫಲ್ ಹಿಡಿದು ನಾಲ್ಕು ಭಾನುವಾರ ಕಳೆದಿದ್ದೇನೆ. 1964ರಿಂದ ತಯಾರಾಗುತ್ತಿರುವ, ಹತ್ತು ಸಣ್ಣ ತೋಟಾ ಹಿಡಿಸುವ, ಒದೆತವೇ ಇಲ್ಲದ ಪಾಯಿಂಟ್ ಟೂ-ಟೂ ಅಳತೆಯ ರೈಫಲ್. ಎಆರ್-15ರಂತೆ ಅದೂ ಸೆಮಿ ಆಟೋಮ್ಯಾಟಿಕ್ಕೇ, ಒಂದು ಎಳೆತಕ್ಕೆ ಒಂದು ಗುಂಡು, ಮುಂದಿನದು ತಾನಾಗಿ ಬಂದು ಕೂರುತ್ತದೆ. ಐವತ್ತು ಗಜ ದೂರದ ಕಾಗದದ ನಡುವಿನ ವೃತ್ತಕ್ಕೆ ಉಸಿರು ಹಿಡಿದು ಹೊಡೆದಾಗ ಆಗುವ ಆನಂದವನ್ನು ಅಲ್ಲಗಳೆದರೆ ನಾಲಿಗೆ ಬಿದ್ದುಹೋದೀತು. ನನ್ನ ಕಾಲಂನಲ್ಲಿ ‘ಕಾಗದಕ್ಕೆ ತೂತು ಕೊರೆಯಲು’ ಎಂದು ಬರೆದುಕೊಂಡಿದ್ದೇನೆ. ಅಷ್ಟಕ್ಕೆ ಅದು ಧಾರಾಳ ಸಾಕು. ಅಷ್ಟಕ್ಕೆ ಮನೆಗೇ ತರಬೇಕೇ, ಬಾಡಿಗೆಯದೇ ಸಾಲದೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ತೀರ್ಮಾನಕ್ಕೆ ಮೊದಲೇ ಉಕ್ಕಿನ ಕಪಾಟೊಂದನ್ನು ಕೊಂಡು ಗೋಡೆಗೆ ಬೋಲ್ಟ್ ಹಾಕಿಸಿದ್ದೇನೆ. ಸದ್ಯಕ್ಕೆ ಅದರಲ್ಲಿ ಪಾಸ್‌ಪೋರ್ಟ್‌ಗಳೂ ಹೆಂಡತಿಯ ಮೂರು ರೇಷ್ಮೆ ಸೀರೆಗಳೂ ಇವೆ, ಮತ್ತು ಕೀಲಿ ಅವಳ ಬಳಿ ಇದೆ.