ಅಪ್ಪನ ಮೂರು ಗಾಲಿ ಸೈಕಲ್ಲು ಮತ್ತು ಆ ಕಬ್ಬಿಣದ ಗೇಟು

ನಿನ್ನೆ ಸಂಜೆಯಿಂದ ಸಿಟ್ಟು ಇಳಿದಿಲ್ಲ. ಬರೆದರೆ ಸ್ವಲ್ಪ ಹಗುರ ಆಗಬಹುದು ಅಂತ ಕೂತಿದ್ದೇನೆ. ಉದ್ದ ಆಗುತ್ತೆ, ಸಮಾಧಾನವಾಗಿ ಓದಿ.

ಇಂಗ್ಲೆಂಡಿನ ಡಾರ್ಬಿಯಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷದ ದೂರದಲ್ಲಿ ಒಂದು ಸೈಕಲ್ ದಾರಿ ಇದೆ. ಯಾವುದು ಅಂತ ಹೆಸರು ಹೇಳಲ್ಲ. ಕಾರು ಬರಲ್ಲ, ಎರಡೂ ಕಡೆ ಮರ, ಪಕ್ಕದಲ್ಲಿ ಸಣ್ಣ ತೊರೆ. ಶುರುವಿನಲ್ಲೇ ಬೋರ್ಡು ಹಾಕಿದ್ದಾರೆ, ಎಲ್ಲರಿಗೂ ಸ್ವಾಗತ ಅಂತ. ಆ ಬೋರ್ಡು ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಕಬ್ಬಿಣದ ಗೇಟು. ಗೇಟು ಅಂದರೆ ತೆರೆದು ಮುಚ್ಚುವಂಥದ್ದಲ್ಲ. ಎದುರುಬದುರಾಗಿ ಎರಡು ಕಬ್ಬಿಣದ ಚೌಕಟ್ಟು, ಕೆಳಗೆ ಎರಡೂ ಕಡೆ ದಪ್ಪ ತಗಡು, ನಡುವೆ ಒಂದು ಸಂದು. ಮಾಮೂಲಿ ಸೈಕಲ್ಲನ್ನು ಕೈಯಲ್ಲಿ ಹಿಡಿದು ಆಚೆ ಈಚೆ ತಿರುಗಿಸಿ ದಾಟಿಸಬಹುದು. ನಮ್ಮಪ್ಪನ ಸೈಕಲ್ಲಿಗೆ ಮೂರು ಗಾಲಿ. ಮುಂದಿನ ಗಾಲಿ ಹೋಯಿತು, ಹಿಂದಿನ ಎರಡು ತಗಡಿಗೆ ತಗುಲಿಕೊಂಡು ನಿಂತವು.

ಅಪ್ಪನ ವಿಷಯ ನಿಮಗೆಲ್ಲ ಗೊತ್ತೇ ಇದೆ. ಎರಡು ವರ್ಷದ ಹಿಂದೆ ಲಕ್ವ ಹೊಡೆದಾಗ ಎಷ್ಟೋ ಜನ ಮಂಡ್ಯಕ್ಕೆ ಹೋಗಿ ನೋಡಿ ಬಂದಿರಿ. ಎಡಗೈ ಈಗ ಮುಕ್ಕಾಲು ಸರಿಯಾಗಿದೆ, ಎಡಗಾಲು ಇನ್ನೂ ಎಳೆಯುತ್ತೆ. ಕೋಲು ಹಿಡಿದು ನೂರು ಹೆಜ್ಜೆ ನಡೆದರೆ ಕೂತುಬಿಡುತ್ತಾರೆ. ಆದರೆ ಮೂರು ಗಾಲಿ ಸೈಕಲ್ಲಿನ ಮೇಲೆ ಕೂರಿಸಿದರೆ ನಾಲ್ಕು ಮೈಲಿ ಹೋಗಿ ಬರುತ್ತಾರೆ! ಇದನ್ನು ನಾನು ಕಣ್ಣಾರೆ ಕಂಡ ಮೇಲೇ ನಂಬಿದ್ದು. ಅವರಿಗೆ ಸೈಕಲ್ಲು ಆಟದ ಸಾಮಾನಲ್ಲ, ಅದೇ ಕಾಲು. ಆ ಗೇಟು ಹಾಕಿಸಿದವರಿಗೆ ಇಷ್ಟು ಅರ್ಥವಾಗಿದ್ದರೆ ಸಾಕಿತ್ತು.

ಮೊದಲು ಖುಷಿಯ ಮಾತು ಹೇಳುತ್ತೇನೆ. ಅದನ್ನು ಹೇಳದೆ ಈ ಸಿಟ್ಟು ಯಾಕೆ ಅಂತ ಗೊತ್ತಾಗಲ್ಲ.

ಜೂನ್‌ನಲ್ಲಿ ಅಪ್ಪ ಬಂದ ಎರಡನೇ ವಾರ ಪೀಕ್ ಡಿಸ್ಟ್ರಿಕ್ಟ್ ಅನ್ನುವ ಗುಡ್ಡಗಾಡಿನ ಪಾರ್ಸ್ಲಿ ಹೇ ಎಂಬಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಹಿಂದೆ ರೈಲು ನಿಲ್ದಾಣವಾಗಿದ್ದ ಜಾಗ ಅದು. ಈಗ ಅಲ್ಲಿ ಬಾಡಿಗೆಗೆ ಸೈಕಲ್ಲು ಕೊಡುತ್ತಾರೆ. ಮೂರು ಗಾಲಿಯದು, ಕೈಯಲ್ಲೇ ಪೆಡಲ್ ತಿರುಗಿಸುವುದು, ಇಬ್ಬರು ಕೂರುವುದು, ಎಲ್ಲ ಇವೆ. ಅಲ್ಲಿದ್ದ ಹುಡುಗಿ ಅಪ್ಪನ ಎಡ ಪಾದವನ್ನು ಪೆಡಲಿಗೆ ಪಟ್ಟಿ ಹಾಕಿ ಕೂರಿಸಿದಳು. ಕೋಲನ್ನು ಹಿಂದಿನ ಬುಟ್ಟಿಗೆ ಕಟ್ಟಿದಳು. ಬ್ರೇಕು ಎರಡೂ ಬಲಗೈಗೇ ಸಿಗುವ ಸೈಕಲ್ಲನ್ನು ಹುಡುಕಿ ಕೊಟ್ಟಳು. ನಾನು ಕೇಳಿರಲಿಲ್ಲ, ಅಪ್ಪನ ಕೈ ನೋಡಿ ಅವಳೇ ಮಾಡಿದ್ದು.

ಅಲ್ಲಿಂದ ಟಿಸಿಂಗ್‌ಟನ್ ಟ್ರೇಲ್ ಅನ್ನುವ ದಾರಿ ಶುರು. ಆಶ್‌ಬೋರ್ನ್‌ವರೆಗೆ 13 ಮೈಲಿ. ಹಿಂದೆ ಬಕ್ಸ್‌ಟನ್ ಮತ್ತು ಆಶ್‌ಬೋರ್ನ್ ನಡುವೆ ಓಡಾಡುತ್ತಿದ್ದ ರೈಲಿನ ದಾರಿ ಇದು. ರೈಲು ನಿಂತ ಮೇಲೆ ಹಳಿ ಕಿತ್ತು 1971ರಲ್ಲಿ ನಡೆಯುವವರಿಗೆ, ಸೈಕಲ್ಲಿನವರಿಗೆ, ಕುದುರೆಯವರಿಗೆ ಬಿಟ್ಟರು. ಡಾಂಬರಿಲ್ಲ. ಗಟ್ಟಿಯಾಗಿ ಕೂತ ಸುಣ್ಣಕಲ್ಲಿನ ಪುಡಿ. ಮಳೆ ಬಂದರೆ ಆ ಬಿಳಿ ಕೆಸರು ಗಾಲಿಗೆ, ಪ್ಯಾಂಟಿಗೆ ಮೆತ್ತಿಕೊಳ್ಳುತ್ತೆ, ಒಣಗಿದ ಮೇಲೆ ನೋಡಿದರೆ ವಿಭೂತಿ ಬಳಿದ ಹಾಗಿರುತ್ತೆ. ಎರಡೂ ಕಡೆ ಕಲ್ಲಿನ ಗೋಡೆ, ಕುರಿ, ಕಣ್ಣು ಹೋದಷ್ಟು ದೂರ ಹಸಿರು ದಿಣ್ಣೆ.

ಅಪ್ಪ ಅರ್ಧ ಮೈಲಿ ಮಾತಾಡಲೇ ಇಲ್ಲ. ಆಮೇಲೆ ಅಂದರು: "ಇದು ನಮ್ಮ ನಾಲೆ ಏರಿ ಇದ್ದಂಗೇ ಅದೆ ಕಣವ್ವ."

ನಿಜ ಅಲ್ವಾ! ಮಂಡ್ಯದ ವಿಸಿ (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಹ್ಯಾಂಡಲ್ಲಿಗೆ ಗುದ್ದಲಿ ಸಿಕ್ಕಿಸಿಕೊಂಡು, ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ ಕಟ್ಟಿಕೊಂಡು ನಲವತ್ತು ವರ್ಷ ಸೈಕಲ್ ತುಳಿದವರು ಅವರು. ನಾನು ಒಳಪೆಡಲ್ ಕಲಿತದ್ದೂ ಅದೇ ಏರಿ ಮೇಲೆ. ಇದು ರೈಲಿನ ದಾರಿ ಕಣಪ್ಪ, ಉಗಿಬಂಡಿಗೆ ಜಾಸ್ತಿ ಏರು ಹತ್ತೋಕೆ ಆಗ್ತಿರಲಿಲ್ಲ, ಅದಕ್ಕೇ ದಿಣ್ಣೆ ಕಡಿದು ಹಳ್ಳ ತುಂಬಿ ಮಟ್ಟ ಮಾಡಿದ್ದಾರೆ ಅಂದೆ. ಅವರು ಪೆಡಲ್ ನಿಲ್ಲಿಸಿ ಹೇಳಿದರು: "ಅಲ್ಲಿ ನೀರಿಗೋಸ್ಕರ ಮಟ್ಟ ಮಾಡುದ್ರು, ಇಲ್ಲಿ ರೈಲಿಗೋಸ್ಕರ. ನಮ್ ಕಾಲಿಗೆ ಪುಕ್ಕಟೆ ಸಿಕ್ತು."

ಸುಮಾರು ಎರಡು ಮೈಲಿ ಹೋದರೆ ಹಾರ್ಟಿಂಗ್‌ಟನ್‌ನ ಹಳೆಯ ನಿಲ್ದಾಣ. ಸಿಗ್ನಲ್ ಪೆಟ್ಟಿಗೆಯನ್ನು ಹಾಗೇ ಉಳಿಸಿಕೊಂಡಿದ್ದಾರೆ. ಅಲ್ಲಿ ಕೂತು ಚಪಾತಿ ತಿಂದೆವು. ವಾಪಸ್ ಬರುವಾಗ ಸಣ್ಣ ಏರು. ಅಪ್ಪ ಬೆವೆತರು, ಎರಡು ಸಲ ನಿಂತರು, ತಳ್ಳಲಾ ಅಂದರೆ ಬೇಡ ಅಂದರು. ಅವತ್ತು ರಾತ್ರಿ ಅವರು ಎರಡು ಮುದ್ದೆ ತಿಂದದ್ದನ್ನು ನೋಡಿ ಅಡುಗೆಮನೆಗೆ ಹೋಗಿ ಅತ್ತೆ.

ಯಾಕೆ ಅತ್ತೆ ಅಂದರೆ, ಇದನ್ನು ಯಾರಿಗೂ ಹೇಳಿರಲಿಲ್ಲ, ಲಕ್ವ ಹೊಡೆದ ತಿಂಗಳಲ್ಲಿ ಅವರ ಸೈಕಲ್ಲನ್ನು ಗುಜರಿಗೆ ಹಾಕಿಸಿದ್ದು ನಾನೇ. ಬಿದ್ದುಗಿದ್ದರೆ ಅಂತ ಹೆದರಿ ಇಲ್ಲಿಂದ ತಮ್ಮನಿಗೆ ಫೋನ್ ಮಾಡಿ, ಅಪ್ಪನ ಕಣ್ಣಿಗೆ ಬೀಳದ ಹಾಗೆ ಸಾಗಿಸು ಅಂದಿದ್ದೆ. ಅಪ್ಪ ಇವತ್ತಿನವರೆಗೂ ಅದರ ಬಗ್ಗೆ ಒಂದು ಮಾತು ಕೇಳಿಲ್ಲ. ಅವರ ಓಡಾಟ ನಿಲ್ಲಿಸಿದ ಮೊದಲ ಗೇಟು ನಾನು.

ಅದಕ್ಕೇ ಮಾರನೇ ವಾರ ಸೆಕೆಂಡ್‌ಹ್ಯಾಂಡ್ ಟ್ರೈಕ್, ಅಂದರೆ ಮೂರು ಗಾಲಿ ಸೈಕಲ್ಲು, ಒಂದನ್ನು ಕೊಂಡೆ. ನೀಲಿ ಬಣ್ಣದ್ದು. ಮನೆ ಹತ್ತಿರದ ದಾರಿಯಲ್ಲೇ ದಿನಾ ಒಂದು ಸುತ್ತು ಹೋಗಿ ಬರಲಿ ಅಂತ ಆಸೆ. ನಿನ್ನೆ ಆ ಆಸೆ ನಾಲ್ಕನೇ ಹೆಜ್ಜೆಗೇ ನಿಂತಿತು.

ನಾನು ಹಿಂದಿನಿಂದ ಎತ್ತಿದೆ. ಬರಲಿಲ್ಲ. ಅಪ್ಪ ಇಳಿಯಬೇಕಾಯಿತು. ಇಳಿಯುವಾಗ ಎಡಗಾಲು ಪೆಡಲಿನ ಪಟ್ಟಿಗೆ ಸಿಕ್ಕಿಕೊಂಡಿತು. ಹಿಂದೆ ಐದಾರು ಜನ ನಿಂತರು, ಪಾಪ ಯಾರೂ ಬೈಯಲಿಲ್ಲ, ಒಬ್ಬರು ಕೈಯನ್ನೂ ಕೊಟ್ಟರು. ಆದರೆ ಅಪ್ಪನ ಮುಖ ನೋಡಬೇಕಿತ್ತು. ಊರಿನಲ್ಲಿ ಯಾರ ಹತ್ತಿರವೂ ಒಂದು ಲೋಟ ನೀರು ಕೇಳಿ ಕುಡಿದವರಲ್ಲ. "ಬುಡವ್ವ, ಮನೆಗೆ ಹೋಗನ ನಡಿ" ಅಂದರು. ಇವತ್ತು ಬೆಳಗ್ಗೆ ಟೇಪು ತೆಗೆದುಕೊಂಡು ಹೋಗಿ ಅಳೆದೆ. ತಗಡುಗಳ ನಡುವೆ 58 ಸೆಂಟಿಮೀಟರ್. ಟ್ರೈಕಿನ ಹಿಂದಿನ ಅಗಲ 76. ತಗಡಿನ ಅಂಚಿನಲ್ಲಿ ನಮ್ಮ ನೀಲಿ ಬಣ್ಣ ಉಗುರಿನಷ್ಟು ಅಂಟಿಕೊಂಡಿತ್ತು.

ಇದು ನಮ್ಮೊಬ್ಬರ ಗೋಳಲ್ಲ. ಈ ದೇಶದ ರಾಷ್ಟ್ರೀಯ ಸೈಕಲ್ ಜಾಲವನ್ನು ನೋಡಿಕೊಳ್ಳುವ, ಆಗ ಸಸ್ಟ್ರಾನ್ಸ್ ಅಂತ ಹೆಸರಿದ್ದ ಸಂಸ್ಥೆ 2018ರಲ್ಲಿ ತನ್ನದೇ ದಾರಿಗಳನ್ನು ಪರಿಶೀಲಿಸಿ, ಇಂಥ ಅಡ್ಡಿಗಳು 16,000ಕ್ಕೂ ಹೆಚ್ಚು ಇವೆ ಅಂತ ತಾನೇ ಒಪ್ಪಿಕೊಂಡಿತು. 2020ರಲ್ಲಿ ಸರ್ಕಾರ ಸೈಕಲ್ ದಾರಿಗಳಿಗೆ ಮಾರ್ಗಸೂಚಿ ತಂದಿತು. ಅದರಲ್ಲಿ ಲೆಕ್ಕಕ್ಕೆ ಇಟ್ಟುಕೊಂಡ ಸೈಕಲ್ಲಿನ ಅಳತೆ 2.8 ಮೀಟರ್ ಉದ್ದ, 1.2 ಮೀಟರ್ ಅಗಲ. ಕಂಬ ನೆಟ್ಟರೆ ನಡುವೆ 1.5 ಮೀಟರ್ ಜಾಗ ಬಿಡಿ ಅಂತಲೂ ಇದೆ. ಅಂಗವೈಕಲ್ಯ ಇರುವವರನ್ನು ಹೊರಗಿಡಬಾರದು ಅಂತ 2010ರ ಸಮಾನತೆ ಕಾಯಿದೆ ಇದೆ. ಒಂದೂವರೆ ಮೀಟರ್ ಎಲ್ಲಿ, 58 ಸೆಂಟಿಮೀಟರ್ ಎಲ್ಲಿ?

ಪಕ್ಕದ ಮನೆಯವರು ಹೇಳಿದರು, ಗೇಟು ತೆಗೆದರೆ ಮೋಟರ್‌ಬೈಕಿನವರು ನುಗ್ಗುತ್ತಾರೆ ಅಂತ. ಅವರ ಭಯ ಸುಳ್ಳಲ್ಲ, ಆ ಸದ್ದು ನಾನೂ ಕೇಳಿದ್ದೇನೆ. ಆದರೆ ಆ ಬೈಕುಗಳು ಗೇಟು ಇದ್ದಾಗಲೇ ಒಳಗೆ ಬಂದಿದ್ದವು ಅಲ್ವಾ? ಗೇಟಿನಿಂದ ಇಪ್ಪತ್ತು ಹೆಜ್ಜೆ ಆಚೆ ಬೇಲಿ ಮುರಿದಿದೆ, ಅಲ್ಲಿ ಟೈರಿನ ಗುರುತು ಹಸಿಹಸಿಯಾಗಿದೆ. ಗಟ್ಟಿಮುಟ್ಟಾದ ಹುಡುಗ ಬೇಲಿ ಹಾರಿಸುತ್ತಾನೆ, ಬೈಕನ್ನು ಎತ್ತಿಯೂ ದಾಟಿಸುತ್ತಾನೆ. ಎತ್ತಲಾಗದವರು ಯಾರು? ಟ್ರೈಕಿನ ಅಜ್ಜ, ಇಬ್ಬರು ಮಕ್ಕಳನ್ನು ಮುಂದಿನ ಡಬ್ಬಿಯಲ್ಲಿ ಕೂರಿಸಿಕೊಂಡ ತಾಯಿ, ಕೈ ಪೆಡಲಿನ ಸೈಕಲ್ಲಿನಿಂದ ಇಳಿಯಲಾಗದ ಹುಡುಗ. ಕಳ್ಳನಿಗೆ ಹಾಕಿದ ಬೀಗ ಮನೆಯವರನ್ನೇ ಹೊರಗೆ ನಿಲ್ಲಿಸಿದೆ.

ಇನ್ನು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರ ಮಾತು: ಆಫ್‌ರೋಡ್ ಅಂದಮೇಲೆ ಸ್ವಲ್ಪ ಕಷ್ಟ ಇರಬೇಕು, ಇಲ್ಲದಿದ್ದರೆ ಮಜಾ ಏನು? ಕಷ್ಟ ಬೇಕಾದವರಿಗೆ ಇಲ್ಲಿ ಏನೂ ಕಡಿಮೆ ಇಲ್ಲ. ಕಾಡಿನ ಸೈಕಲ್ ದಾರಿಗಳಿಗೆ ಹಸಿರು, ನೀಲಿ, ಕೆಂಪು, ಕಪ್ಪು ಅಂತ ಬಣ್ಣ ಕೊಟ್ಟಿದ್ದಾರೆ. ಧೈರ್ಯ ಇದ್ದವರು ಕಪ್ಪಿಗೆ ಹೋಗಲಿ, ಕಲ್ಲು ಹಾರಲಿ, ನನಗೂ ನೋಡೋಕೆ ಇಷ್ಟ. ಏರು, ಕಲ್ಲು, ಕೆಸರು ದಾರಿಯ ಕಷ್ಟ. ಗೇಟು ದಾರಿಯ ಕಷ್ಟ ಅಲ್ಲ, ಯಾರೋ ತಂದು ನೆಟ್ಟಿದ್ದು.

ಅಡ್ಡಿ ತೆಗೆದರೆ ಏನಾಗುತ್ತೆ ಅಂತ ನೋಡಬೇಕಾದರೆ ಪೀಕ್ ಡಿಸ್ಟ್ರಿಕ್ಟ್‌ನದೇ ಇನ್ನೊಂದು ಹಳೆಯ ರೈಲು ದಾರಿ ಮಾನ್ಸಲ್ ಟ್ರೇಲ್‌ಗೆ ಹೋಗಿ. ಎಂಟೂವರೆ ಮೈಲಿ. ರೈಲು ನಿಂತದ್ದು 1968ರಲ್ಲಿ, ಟ್ರೇಲ್ ಆದದ್ದು 1981ರಲ್ಲಿ. ಆದರೆ ದೊಡ್ಡ ಸುರಂಗಗಳನ್ನು ಮುಚ್ಚಿಟ್ಟಿದ್ದರು. ಸುರಂಗ ಬಂದಲ್ಲೆಲ್ಲ ಇಳಿಜಾರಿನ ಕಾಲುದಾರಿಯಲ್ಲಿ ಸುತ್ತಿ ಹೋಗಬೇಕಿತ್ತು. ಮೂವತ್ತು ವರ್ಷ ಹಾಗೇ ಇತ್ತು. 2011ರ ಮೇನಲ್ಲಿ ಸುರಂಗಗಳನ್ನು ರಿಪೇರಿ ಮಾಡಿ, ದೀಪ ಹಾಕಿ ತೆರೆದರು. ಅಪ್ಪನ ಜೊತೆ ಹೋದಾಗ ಒಳಗೆ ತಣ್ಣಗೆ, ಮೇಲಿಂದ ತೊಟ್ಟು ತೊಟ್ಟು ನೀರು. ಎದುರಿಗೆ ವೀಲ್‌ಚೇರಿನಲ್ಲಿ ಒಬ್ಬ ಅಜ್ಜಿ, ಅವರ ಹಿಂದೆ ಪೆಡಲಿಲ್ಲದ ಪುಟ್ಟ ಸೈಕಲ್ಲನ್ನು ಕಾಲಲ್ಲೇ ತಳ್ಳಿಕೊಂಡು ಬರುತ್ತಿದ್ದ ಮೊಮ್ಮಗು. ಆ ಮಗು ಸುರಂಗ ಮೊಳಗುವ ಹಾಗೆ ಕೂಗಿತು. ಅಪ್ಪನೂ ದನ ಕರೆಯುವ ಹಾಗೆ "ಹೋ" ಅಂತ ಕೂಗಿದರು. ಲಕ್ವ ಹೊಡೆದ ಮೇಲೆ ಅವರ ಗಂಟಲಿನಿಂದ ಅಷ್ಟು ಗಟ್ಟಿ ದನಿ ಬಂದದ್ದು ಅವತ್ತೇ.

ಗೇಟಿನ ಫೋಟೋ, ಅಳತೆ, ಮುರಿದ ಬೇಲಿಯ ಫೋಟೋ ಎಲ್ಲ ಸೇರಿಸಿ ಇವತ್ತು ಸಂಬಂಧಪಟ್ಟವರಿಗೆ ಪತ್ರ ಕಳಿಸಿದ್ದೇನೆ. ಉತ್ತರ ಬರದಿದ್ದರೆ ಎರಡು ವಾರಕ್ಕೆ ಇನ್ನೊಂದು ಕಳಿಸುತ್ತೇನೆ. ಡಾರ್ಬಿ, ನಾಟಿಂಗ್‌ಹ್ಯಾಮ್, ಶೆಫೀಲ್ಡ್ ಕಡೆಯ ಸ್ನೇಹಿತರೇ, ನಿಮ್ಮ ಮನೆ ಹತ್ತಿರದ ದಾರಿಯಲ್ಲೂ ಇಂಥ ಗೇಟು ಇದ್ದರೆ ಟೇಪು ಹಿಡಿದು ಅಳೆಯಿರಿ, ಫೋಟೋ ಕಳಿಸಿ, ಪತ್ರ ಬರೆಯೋಕೆ ನಾನು ಸಹಾಯ ಮಾಡುತ್ತೇನೆ. ಅಪ್ಪ ಊರಿಗೆ ಹೊರಡುವುದು ನವೆಂಬರ್‌ನಲ್ಲಿ. ಅಷ್ಟರೊಳಗೆ ಒಂದು ಸಲವಾದರೂ ಅವರು ಸೈಕಲ್ಲಿನಿಂದ ಇಳಿಯದೆ ಆ ಜಾಗ ದಾಟಬೇಕು.

ಈ ಶನಿವಾರ ಮತ್ತೆ ಪಾರ್ಸ್ಲಿ ಹೇ. ಹತ್ತು ಗಂಟೆಗೆ ಸೈಕಲ್ ಅಂಗಡಿ ಮುಂದೆ ಇರುತ್ತೇವೆ, ಬರುವವರು ಹೇಳಿ. ಇಡ್ಲಿ ಚಟ್ನಿಪುಡಿ ನನ್ನದು. ಈ ಸಲ ಹಾರ್ಟಿಂಗ್‌ಟನ್ ದಾಟಿ ಮುಂದಕ್ಕೂ ಹೋಗೋಣ ಅಂತ ಅಪ್ಪನ ಹಟ.