ಸ್ಪಷ್ಟನೆ: ವೋಚರ್‌ಗೆ ಸಹಿ ಹಾಕಿದ ಮಾತ್ರಕ್ಕೆ ಮನೆ ವಿಮೆಯ ಹಕ್ಕು ಹೋಗದು

‘ಡಿಸ್ಚಾರ್ಜ್ ವೋಚರ್‌ಗೆ ಸಹಿ ಹಾಕಿ ಹಣ ಪಡೆದರೆ ಮುಂದೆ ಎಲ್ಲೂ ದೂರು ಕೊಡುವಂತಿಲ್ಲ’ ಎಂಬ ಸಂದೇಶ ಮಳೆಹಾನಿಗೆ ವಿಮೆ ಕೇಳುವವರ ನಡುವೆ ಹರಿದಾಡುತ್ತಿದೆ. ಡಿಸ್ಚಾರ್ಜ್ ವೋಚರ್ ಎಂದರೆ ಹಣ ಸಂದಿದೆ, ಇನ್ನು ಬಾಕಿಯಿಲ್ಲ ಎಂದು ವಿಮಾ ಕಂಪನಿಗೆ ಬರೆದುಕೊಡುವ ಪತ್ರ. ಈ ಸಂದೇಶ ಅರ್ಧಸತ್ಯ. ಸಹಿಯೊಂದರಿಂದಲೇ ಹಕ್ಕು ಹೋಗದು ಎಂದು ಸುಪ್ರೀಂ ಕೋರ್ಟ್ 1999ರಲ್ಲೇ, ಅಜ್ಮೇರ್ ಸಿಂಗ್ ಕಾಟನ್ ಪ್ರಕರಣದಲ್ಲಿ ಹೇಳಿದೆ. ಆದರೆ ಒತ್ತಡ, ವಂಚನೆ ಅಥವಾ ತಪ್ಪು ಮಾಹಿತಿಯಿಂದ ಸಹಿ ಪಡೆದರೆಂದು ತೋರಿಸುವ ಹೊಣೆ ಗ್ರಾಹಕರದ್ದೇ. ಇಲ್ಲೇ ಬಹಳಷ್ಟು ಜನ ಎಡವುವುದು: ಹಣ ಪಡೆದು ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ಒತ್ತಡವಿತ್ತು ಎಂದರೆ ನಂಬುವವರಿಲ್ಲ. ಒಪ್ಪಿಗೆಯಿಲ್ಲದಿದ್ದರೆ ತಡಮಾಡದೆ ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಕಳಿಸಿ. ಯಾವ ಬಾಬ್ತಿಗೆ ಎಷ್ಟು ಕಡಿತವಾಗಿದೆ ಎಂದು ಬರೆದು, ಹಾನಿ ಅಂದಾಜು ಮಾಡಿದ ಸರ್ವೇಯರ್ ವರದಿಯ ಪ್ರತಿ ಕೇಳಿ.

ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ, ವಿಮೆಯ ದೂರುಗಳನ್ನು ಇತ್ಯರ್ಥಪಡಿಸುವ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಪರಿಹಾರದ ಮಿತಿ 50 ಲಕ್ಷ ರೂಪಾಯಿ. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಅವಕಾಶವಿದೆ.

‘ಮನೆಯ ಮೌಲ್ಯ ಕಡಿಮೆ ಬರೆಸಿದ್ದರೆ ಪರಿಹಾರದಲ್ಲೂ ಅದೇ ಅನುಪಾತದಲ್ಲಿ ಕಡಿತ’ ಎಂಬ ಮಾತೂ ಅದೇ ಸಂದೇಶದಲ್ಲಿದೆ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಎಂಬ ಪ್ರಮಾಣಿತ ಮನೆ ವಿಮೆ ಪಾಲಿಸಿಗೆ ಇದು ಅನ್ವಯಿಸದು.