ಊರು ಸುತ್ತಲು ಆನ್‌ಲೈನ್ ಸಲಹೆಗಾರರು ಬೇಕಾ?

ಪ್ರವಾಸದ ಪ್ಲಾನ್ ಹಾಕಿಕೊಡಲು ಈಗ ಆನ್‌ಲೈನ್‌ನಲ್ಲಿ ಮನುಷ್ಯರೇ ಸಿಗುತ್ತಾರೆ. ಫಾರಂ ತುಂಬಿ ಫೀ ಕಟ್ಟಿದರೆ ಒಬ್ಬರು ಚಾಟ್‌ಗೆ ಬಂದು ಮಾತಾಡುತ್ತಾರೆ, ಆಮೇಲೆ ದಿನದಿನದ ಪಟ್ಟಿ ಪಿಡಿಎಫ್ ಆಗಿ ಬರುತ್ತದೆ. ಇದಕ್ಕೆ ದುಡ್ಡು ಕೊಡುವುದು ಸರಿಯಾ? ಸಿರಸಿಯ ಒಬ್ಬರು ಸರಿ ಅನ್ನುತ್ತಾರೆ. ಕಾರವಾರದ ಟ್ಯಾಕ್ಸಿ ಡ್ರೈವರ್ ಒಬ್ಬರು ಒಪ್ಪುವುದಿಲ್ಲ.

ಪರ: ನನಗೆ ಹೊಳೆಯದ ಪ್ರಶ್ನೆ

ನಾನು ಹುಟ್ಟಿ ಬೆಳೆದದ್ದು ಸಿರಸಿಯಲ್ಲಿ. ಬೆಂಗಳೂರಿನ ತಂಗಿ ಗಂಡನ ಮನೆಯವರನ್ನು ನಮ್ಮ ಕಡೆ ಕರೆತರಲು ಆನ್‌ಲೈನ್‌ನಲ್ಲಿ ಯಾರಿಗೋ 1,500 ರೂಪಾಯಿ ಕೊಟ್ಟಳು ಅಂತ ಗೊತ್ತಾದಾಗ ಮೊದಲು ನಗು ಬಂತು, ಆಮೇಲೆ ಸಿಟ್ಟು. "ನಾನೇನು ಸತ್ತು ಹೋಗಿದ್ನಾ?" ಅಂದೆ. "ಸಿಟ್ಟು ಮಾಡ್ಕೋಬೇಡ ಅಣ್ಣ, ನಿನ್ನ ಪ್ಲಾನ್ ಕೇಳಿ ಅತ್ತೆಗೆ ಹೆದರಿಕೆ ಆಗಿದೆ" ಅಂದಳು.

ನಾನು ಹೇಳಿದ್ದು ಇಷ್ಟೇ. ಬೆಳಿಗ್ಗೆ ಬನವಾಸಿ, ಹಾಗೇ ಸಹಸ್ರಲಿಂಗ, ಊಟ ಮುಗಿಸಿ ಯಾಣ, ಹೊತ್ತು ಉಳಿದರೆ ಉಂಚಳ್ಳಿ. ನಮಗೆ ಇದೆಲ್ಲ ಹಿತ್ತಲಿದ್ದ ಹಾಗೆ. ಊರಿನವರಿಗೆ ಯಾವುದೂ ದೂರ ಅನ್ನಿಸುವುದಿಲ್ಲ, ಅದೇ ತೊಂದರೆ.

ಆ ಸಲಹೆಗಾರ್ತಿ ಕಳಿಸಿದ ಮೊದಲ ಮೆಸೇಜನ್ನು ತಂಗಿ ನನಗೆ ತೋರಿಸಿದಳು. ಜಾಗದ ಹೆಸರು ಒಂದೂ ಇರಲಿಲ್ಲ. ಬರೀ ಪ್ರಶ್ನೆ. ಎಲ್ಲರಿಗಿಂತ ಹಿರಿಯರು ಯಾರು, ಅವರ ಮೊಣಕಾಲು ಹೇಗಿದೆ? ಘಟ್ಟದ ತಿರುವಿನಲ್ಲಿ ಯಾರಿಗಾದರೂ ವಾಂತಿ ಆಗುತ್ತದೆಯೇ? ಎಷ್ಟು ಹೊತ್ತಿಗೊಮ್ಮೆ ಶೌಚಾಲಯ ಬೇಕು? ಅತ್ತೆಗೆ ಮೊಣಕಾಲು ಆಪರೇಷನ್ ಆಗಿ ಆರು ತಿಂಗಳಷ್ಟೇ ಆಗಿತ್ತು. ನನಗೂ ಗೊತ್ತಿತ್ತು. ಕೇಳಲು ಮಾತ್ರ ಹೊಳೆಯಲಿಲ್ಲ. ಯಾಣದಲ್ಲಿ 120 ಮೀಟರ್ ಎತ್ತರದ ಭೈರವೇಶ್ವರ ಶಿಖರವನ್ನು ಕೆಳಗೆ ನಿಂತೇ ನೋಡಬಹುದು. ಆದರೆ ಆ ಕೆಳಗಿನ ತನಕ ಹೋಗಲೂ ಗಾಡಿ ಬಿಟ್ಟು ನಡೆಯಬೇಕು, ಮೆಟ್ಟಿಲು ಹತ್ತಬೇಕು. ಪಟ್ಟಿಯಿಂದ ಯಾಣ ಹೋಯಿತು.

ಇನ್ನೊಂದು ವಿಷಯ. ಅವರು ಬರಬೇಕು ಅಂದುಕೊಂಡಿದ್ದು ಜುಲೈಯಲ್ಲಿ. ಶಾಲ್ಮಲೆ ತುಂಬಿ ಹರಿಯುವಾಗ ಸಹಸ್ರಲಿಂಗದ ಲಿಂಗಗಳು ನೀರಿನಡಿ ಇರುತ್ತವೆ, ಕಾಣುವುದು ಕೆಂಪು ನೀರು ಮಾತ್ರ. ಇದು ನಮ್ಮೂರ ಮಕ್ಕಳಿಗೂ ಗೊತ್ತು. ಆದರೆ ತಂಗಿಯ ಅತ್ತೆ ಫೋಟೊ ನೋಡಿ ಬರುತ್ತಿದ್ದಾರೆ, ಬಂಡೆ ಬಂಡೆಯ ಮೇಲೆ ಲಿಂಗ ಕಾಣುತ್ತದೆ ಅಂದುಕೊಂಡಿದ್ದಾರೆ ಅನ್ನುವುದು ನನ್ನ ತಲೆಗೆ ಬರಲಿಲ್ಲ. ಸಲಹೆಗಾರ್ತಿ ನೇರವಾಗಿ ಬರೆದಳು: "ಜೋಗ ಬೇಕಾದರೆ ಜುಲೈ. ಸಹಸ್ರಲಿಂಗ ಬೇಕಾದರೆ ನವೆಂಬರ್ ಆಮೇಲೆ. ಒಂದನ್ನು ಆರಿಸಿಕೊಳ್ಳಿ." ಮ್ಯಾಪ್ ಹೀಗೆ ಹೇಳುತ್ತದೆಯೇ? ಅದಕ್ಕೆ ಎಲ್ಲ ಕಾಲವೂ ಒಂದೇ.

ಸಿರಸಿಗೆ ರೈಲಿಲ್ಲ ಅನ್ನುವುದು ಎಷ್ಟೋ ಜನರಿಗೆ ಟಿಕೆಟ್ ಹುಡುಕುವಾಗಲೇ ಗೊತ್ತಾಗುವುದು. ರಾತ್ರಿ ರೈಲಿಗೆ ತಾಳಗುಪ್ಪಕ್ಕೆ ಬಂದು, ಸಿದ್ದಾಪುರದ ಮೇಲೆ ಸಿರಸಿಗೆ ಬನ್ನಿ ಅಂತ ಅವಳೇ ದಾರಿ ಕೊಟ್ಟಳು. ಮಾರ್ಚ್‌ಗೆ ಮುಂದೂಡೋಣವೇ ಅಂತ ಕೇಳಿದ್ದಕ್ಕೆ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಈ ಸಲ ಇದೆ, ಲಾಡ್ಜ್ ಸಿಗುವುದು ಕಷ್ಟ ಅಂದಳಂತೆ.

ಪುಕ್ಕಟೆ ಪ್ಲಾನ್ ಮಾಡಿಕೊಡುವವರೂ ಇದ್ದಾರೆ. ಅಂಥವರಿಗೆ ಸಾಮಾನ್ಯವಾಗಿ ಹೋಟೆಲ್‌ನವರು ಕಮಿಷನ್ ಕೊಡುತ್ತಾರೆ. ನಮ್ಮಿಂದ ದುಡ್ಡು ತೆಗೆದುಕೊಂಡವರು ನಮ್ಮ ಮಾತು ಕೇಳುತ್ತಾರೆ, "ಬರಬೇಡಿ" ಅಂತಲೂ ಹೇಳುತ್ತಾರೆ. ಆ ಒಂದು ಮಾತಿಗೇ 1,500 ಕೊಡಬಹುದು. ನವೆಂಬರ್ ಕೊನೆಗೆ ಎಲ್ಲರೂ ಬಂದರು. ಅತ್ತೆ ಶಾಲ್ಮಲೆಯ ದಡದಲ್ಲಿ ಒಂದು ಗಂಟೆ ಕೂತಿದ್ದರು. ನನ್ನ ಪ್ಲಾನ್ ಪ್ರಕಾರ ಅಲ್ಲಿಗೆ ಇಪ್ಪತ್ತು ನಿಮಿಷ.

ವಿರೋಧ: ಮನುಷ್ಯರೇ, ಆದರೆ ಇಲ್ಲಿಯವರಲ್ಲ

ಸಿರಸಿಯವರು ಪುಣ್ಯವಂತರು, ಒಳ್ಳೆಯವರು ಸಿಕ್ಕಿದ್ದಾರೆ. ನಾನು ಕಾರವಾರ ಸ್ಟೇಷನ್‌ನಲ್ಲಿ ಗಾಡಿ ನಿಲ್ಲಿಸುವವನು. ಬೆಂಗಳೂರಿನ ರೈಲಿನಿಂದ ಬೆಳಿಗ್ಗೆ ಇಳಿದವರ ಕೈಯಲ್ಲಿ ಎಂಥೆಂಥ ಪಿಡಿಎಫ್ ಇರುತ್ತದೆ ಅಂತ ನನ್ನನ್ನು ಕೇಳಿ.

ಹೋದ ಡಿಸೆಂಬರ್‌ನಲ್ಲಿ ಒಂದು ಫ್ಯಾಮಿಲಿ ಬಂತು. ಪಟ್ಟಿಯಲ್ಲಿ ಮೊದಲು ಟಾಗೋರ್ ಬೀಚ್, ಅಲ್ಲಿಯ ಯುದ್ಧನೌಕೆ ಮ್ಯೂಸಿಯಂ. ಆಮೇಲೆ ಗೋಕರ್ಣ, ಯಾಣ, ಮುರುಡೇಶ್ವರ. ಕೊನೆಗೆ ಓಂ ಬೀಚ್‌ನಲ್ಲಿ ಸೂರ್ಯಾಸ್ತ! ಮುರುಡೇಶ್ವರ ಇರುವುದು ಭಟ್ಕಳದ ಹತ್ತಿರ, ಓಂ ಬೀಚ್ ಇರುವುದು ಗೋಕರ್ಣದಲ್ಲಿ. ಬಂದ ದಾರಿಯಲ್ಲೇ ಹೊನ್ನಾವರ, ಕುಮಟಾ ದಾಟಿ ವಾಪಸ್ ಓಡಬೇಕು. ನಾನು ಹೇಳಿದೆ, "ಸರ್, ಇದು ಆಗೋದಲ್ಲ." ಅವರು ಮುಖ ಸಣ್ಣ ಮಾಡಿಕೊಂಡರು. "ದುಡ್ಡು ಕೊಟ್ಟು ಮಾಡಿಸಿದ್ದಪ್ಪಾ" ಅಂದರು. ಆಗಲ್ಲ ಅಂದ ನಾನು ಕೆಟ್ಟವನು, ಬರೆದವರು ಒಳ್ಳೆಯವರು. ಕೊನೆಗೆ ಮಿರ್ಜಾನ್ ಕೋಟೆ ಹತ್ತಿರ ಬರುವಾಗಲೇ ಹೊತ್ತು ಮುಳುಗಿತ್ತು.

ಬರೆದವರೂ ಮನುಷ್ಯರೇ ಇರಬಹುದು, ಜಗಳ ಇಲ್ಲ. ಅವರು ಈ ರಸ್ತೆ ನೋಡಿದ್ದಾರಾ ಅನ್ನುವುದೇ ನನ್ನ ಪ್ರಶ್ನೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಮುಂದಿನ ತಿಂಗಳು 7ಕ್ಕೆ ನಡುರಾತ್ರಿ, ಕಾರವಾರದಿಂದ ಗೋವಾಕ್ಕೆ ಹೋಗುವ ದಾರಿಯಲ್ಲಿ, ಕಾಳಿ ನದಿಯ ಹಳೆ ಸೇತುವೆ ಬಿತ್ತು. ಆಮೇಲೆ ಎರಡೂ ಕಡೆಯ ಗಾಡಿಗಳು ಹೊಸ ಸೇತುವೆ ಮೇಲೇ. ಇಷ್ಟೆಲ್ಲ ಆದ ಮೇಲೂ "ಕಾರವಾರದಿಂದ ಗೋವಾ ಗಡಿ ಸುಮ್ನೆ ಹದಿನೈದು ನಿಮಿಷ" ಅಂತ ಬರೆಸಿಕೊಂಡು ಬಂದವರಿದ್ದರು. ಸಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟವೂ ಅಷ್ಟೇ. ರಸ್ತೆ ಕೆಲಸ ಶುರುವಾದ ಮೇಲೆ ಅದು ಯಾವಾಗ ಓಪನ್, ಯಾವಾಗ ಬಂದ್ ಅಂತ ಕುಮಟಾ ಬಸ್‌ಸ್ಟ್ಯಾಂಡಿನ ಕಂಟ್ರೋಲರ್‌ಗೆ ಗೊತ್ತಿರುತ್ತಿತ್ತು. ಎರಡು ಮಾತು, ದುಡ್ಡಿಲ್ಲ.

ಕಮಿಷನ್ ಅಂದಿರಲ್ಲ. ಸುಳ್ಳು ಹೇಳುವುದಿಲ್ಲ, ಊಟಕ್ಕೆ ಕರೆದುಕೊಂಡು ಹೋದರೆ ಕೆಲವು ಹೋಟೆಲ್‌ನವರು ನಮಗೂ ಕೊಡುತ್ತಾರೆ. ಆದರೆ ಮೀನು ಹಳಸಿದ್ದರೆ ಪ್ಯಾಸೆಂಜರ್ ಸಂಜೆವರೆಗೂ ನನ್ನ ಪಕ್ಕದ ಸೀಟಿನಲ್ಲೇ ಕೂತಿರುತ್ತಾನೆ, ಬೈಯುತ್ತಾನೆ. ಚಾಟ್‌ನಲ್ಲಿರುವವರಿಗೆ ಅದಿಲ್ಲ. ಬೆಳಿಗ್ಗೆ ಒಂದು ಹೆಸರು, ರಾತ್ರಿ ಇನ್ನೊಂದು. ನಡುರಾತ್ರಿ ಎರಡು ಗಂಟೆಗೆ ಕೇಳಿದರೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಅರ್ಧ ಪುಟ ಉತ್ತರ ಬರುತ್ತದಂತೆ. ಅಷ್ಟು ಬೇಗ ಟೈಪ್ ಮಾಡುವ ಮನುಷ್ಯರನ್ನು ನಾನಂತೂ ಕಂಡಿಲ್ಲ.

ಇನ್ನೊಂದು, ಈ ಪಟ್ಟಿಗಳಲ್ಲಿ ಯಾವಾಗಲೂ ಅವೇ ನಾಲ್ಕು ಜಾಗ. ಹಾಗಾಗಿ ಎಲ್ಲರೂ ಶನಿವಾರ ನಾಲ್ಕು ಗಂಟೆಗೆ ಓಂ ಬೀಚಿನ ಪಾರ್ಕಿಂಗ್‌ನಲ್ಲಿ. ತದಡಿಯ ತಾರಿ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಗೋಕರ್ಣದಿಂದ ಸ್ವಲ್ಪ ಮುಂದೆ, ಅಘನಾಶಿನಿ ಸಮುದ್ರ ಸೇರುವ ಕಡೆ, ದೋಣಿಯಲ್ಲಿ ಆಚೆ ಊರಿಗೆ ದಾಟುವುದು. ಟಿಕೆಟ್ ದುಡ್ಡು ಚಿಲ್ಲರೆ ಲೆಕ್ಕ.

ಒಂದು ಸಲ ಪುಣೆಯ ಇಬ್ಬರು ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಬ್ಬನಿಗೆ ಧೈರ್ಯ ಬರಲಿಲ್ಲ. ಫೋನ್ ತೆಗೆದು ತನ್ನ ಸಲಹೆಗಾರನಿಗೆ ಮೆಸೇಜ್ ಹಾಕಿದ: ತದಡಿಯಲ್ಲಿ ದೋಣಿ ಇವತ್ತು ಇದೆಯಾ? "ವಿಚಾರಿಸಿ ತಿಳಿಸುತ್ತೇವೆ" ಅಂತ ಬಂತು. ದೋಣಿಯವನು ಎರಡು ಮಾರು ದೂರದಲ್ಲಿ ಇಂಜಿನ್ ಶುರು ಮಾಡಿ, "ಹತ್ತೋದಾದ್ರೆ ಹತ್ತಿ ಮಾರಾಯ್ರೆ" ಅಂದ. ವಿಚಾರಿಸಿದವರ ಉತ್ತರ ಬರುವಷ್ಟರಲ್ಲಿ ನಾವು ಆಚೆ ದಡದಲ್ಲಿ ಎರಡನೇ ಚಾ ಕುಡಿಯುತ್ತಿದ್ದೆವು. ದೋಣಿ ಇಲ್ಲ ಅಂತ ಬಂದಿತ್ತು.